ಹಾವಿನಂಗಡಿಗೊಂದು ಹೆಸರು

ಕನ್ನಡ ಅಧ್ಯಾಪಕನ ಬಳಿಗೆ ಜನ ಪದ್ಯದ ಅರ್ಥ ಕೇಳಿಕೊಂಡು ಬರುವುದು ಅಪರೂಪ. ಹೆಸರು ಕೇಳಿಕೊಂಡು ಬರುವುದೇ ಹೆಚ್ಚು. ಹುಟ್ಟಿದ ಮಗುವಿಗೆ, ಕಟ್ಟಿದ ಮನೆಗೆ, ತೆರೆಯಲಿರುವ ಬೇಕರಿಗೆ, ಒಮ್ಮೆ ಕೊಳವೆಬಾವಿ ಕೊರೆಯುವ ಲಾರಿಗೂ ನಾನು ಹೆಸರು ಕೊಟ್ಟದ್ದುಂಟು. (ಲಾರಿಗೆ ‘ಭಗೀರಥ’ ಎಂದಿಟ್ಟೆ. ಅದು ಕೊರೆದ ಕಡೆಯಲ್ಲೆಲ್ಲ ನೀರು ಬಿತ್ತೆಂದೇನೂ ಅಲ್ಲ.) ಆದ್ದರಿಂದ, ಇಪ್ಪತ್ತು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಕುಳಿತಿದ್ದು ಈಗ ಅಮೆರಿಕದ ಟೆಕ್ಸಾಸಿನಲ್ಲಿ ನೆಲೆಸಿರುವ ಶಿಷ್ಯನೊಬ್ಬ, “ಸಾರ್, ಒಂದು ಸಣ್ಣ ವ್ಯಾಪಾರ ಶುರುಮಾಡುತ್ತಿದ್ದೇನೆ, ಒಳ್ಳೆಯ ಕನ್ನಡ ಹೆಸರು ಬೇಕು” ಎಂದು ಬರೆದಾಗ ನನಗೆ ಆಶ್ಚರ್ಯವಾಗಲಿಲ್ಲ. ಆಶ್ಚರ್ಯವಾದದ್ದು ಮುಂದಿನ ವಾಕ್ಯ ಓದಿದಾಗ. ಅವನು ತೆರೆಯಲಿರುವುದು ಹಾವಿನ ಅಂಗಡಿ.

ಅಂಗಡಿಯೆಂದರೆ ಬೀದಿಗೆ ಬಾಗಿಲು ತೆರೆದ ಅಂಗಡಿಯಲ್ಲ. ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ ಹಾವು ಸಾಕುವುದು, ಮರಿ ಮಾಡಿಸುವುದು, ಬೇಕೆಂದವರಿಗೆ ಮಾರುವುದು. ಕಂಪ್ಯೂಟರ್ ಕೆಲಸ ಹೋಗಿ ಎಂಟು ತಿಂಗಳಾಗಿದೆ, ಇಬ್ಬರು ಮಕ್ಕಳು, ತಲೆಯ ಮೇಲೆ ಮನೆಯ ಸಾಲ. ಹುಡುಗ ಹುಡುಗಾಟಕ್ಕೆ ಹೊರಟಿಲ್ಲವೆಂಬುದು ಪತ್ರದಲ್ಲೇ ಕಾಣುತ್ತಿತ್ತು. ಕೊನೆಯಲ್ಲಿ, ನಾನು ಮುಖ ಸಿಂಡರಿಸುವುದನ್ನು ಅಷ್ಟು ದೂರದಿಂದಲೇ ಕಂಡವನಂತೆ, “ಇದರಲ್ಲಿ ತಪ್ಪೇನಾದರೂ ಇದೆಯೆ ಸಾರ್?” ಎಂದು ಕೇಳಿದ್ದ.

ಹೆಸರಿಗೇನು ಬರ? ಅನಂತ, ವಾಸುಕಿ, ತಕ್ಷಕ, ಪದ್ಮ, ಕಾರ್ಕೋಟಕ. ಹಾವಿಗೆ ನಾವು ಇಟ್ಟಷ್ಟು ಹೆಸರನ್ನು, ಮಾಡಿದಷ್ಟು ಪೂಜೆಯನ್ನು, ಬೀಸಿದಷ್ಟು ದೊಣ್ಣೆಯನ್ನು ಬೇರೆ ಯಾವ ಪ್ರಾಣಿಯೂ ಕಂಡಿರಲಾರದು. (ಈ ಮಾತು ಬಂದೊಡನೆ ಬಸವಣ್ಣನವರ ವಚನ ಓದುಗರ ನಾಲಗೆಯ ಮೇಲೆ ಬಂದೇ ಇರುತ್ತದೆ, ನಾನದನ್ನು ಮತ್ತೆ ಹೇಳಹೋಗುವುದಿಲ್ಲ.) ಆದರೆ ‘ವಾಸುಕಿ’ ಎಂದು ಬರೆಯಹೊರಟ ಕೈ ಅಲ್ಲಿಯೇ ನಿಂತಿತು. ಹೆಸರು ಕೊಡುವುದೆಂದರೆ ಹೆಚ್ಚುಕಡಿಮೆ ಒಪ್ಪಿಗೆ ಕೊಟ್ಟಂತೆಯೇ. ಒಪ್ಪುವ ಮುನ್ನ ಆ ಗ್ಯಾರೇಜಿನಲ್ಲಿ ನಡೆಯುವುದೇನೆಂದು ತಿಳಿಯಬೇಡವೆ?

ಕೇಳಿ ತಿಳಿದದ್ದು ಇಷ್ಟು. ಅವನು ಸಾಕುವುದು ಪಶ್ಚಿಮ ಆಫ್ರಿಕದ ಘಾನಾ, ಟೋಗೊ, ಬೆನಿನ್ ದೇಶಗಳ ಕಡೆಯ ಸಣ್ಣ ಜಾತಿಯ ಹೆಬ್ಬಾವು. ವಿಷವಿಲ್ಲ, ನಾಲ್ಕೈದು ಅಡಿ ಮೀರಿ ಬೆಳೆಯುವುದು ವಿರಳ. ಹೆದರಿದರೆ ತಲೆಯನ್ನು ನಡುವೆ ಬಚ್ಚಿಟ್ಟುಕೊಂಡು ಉಂಡೆಯಾಗಿ ಸುತ್ತಿಕೊಳ್ಳುತ್ತದೆ. ಅದಕ್ಕೇ ಅಮೆರಿಕದವರು ಇದನ್ನು ಬಾಲ್ ಪೈಥಾನ್, ಎಂದರೆ ಚೆಂಡು ಹೆಬ್ಬಾವು, ಎನ್ನುತ್ತಾರೆ. ತನ್ನ ನಾಡಿನಲ್ಲಿ ಇಲಿ ಹೆಗ್ಗಣಗಳ ಬಿಲದಲ್ಲಿ, ಗೆದ್ದಲು ಕಟ್ಟಿದ ಹುತ್ತದಲ್ಲಿ ಹಗಲು ಕಳೆದು ಇರುಳು ಹೊರಡುವ ಪ್ರಾಣಿ. ಗೆದ್ದಲಿನ ಮನೆಗೆ ಹಾವು ಒಡೆಯನಾಗುವ ನಮ್ಮ ಗಾದೆ ಅಲ್ಲಿಯೂ ಸಲ್ಲುತ್ತದೆಯೆಂದಾಯಿತು. ಬೆನಿನ್ನಿನ ವಿಡಾ ಎಂಬ ಪಟ್ಟಣದಲ್ಲಿ ಇದೇ ಹಾವಿಗೆ ಗುಡಿಯಿದೆ. ಗುಡಿಯ ಎದುರಿಗೇ ದೊಡ್ಡ ಚರ್ಚು. ಗುಡಿಯ ಹಾವು ಯಾರ ಮನೆ ಹೊಕ್ಕರೂ ಹೊಡೆಯದೆ ಮರಳಿ ತಂದುಬಿಡುತ್ತಾರಂತೆ. ನಮ್ಮ ಕರಾವಳಿಯ ನಾಗಬನಗಳನ್ನು ಕಂಡವರಿಗೆ ಇದು ಪರದೇಶದ ಸಂಗತಿ ಎನಿಸದು. ಅದೇ ನಾಡಿನಲ್ಲಿಯೇ, ಬಸಿರು ಹಾವುಗಳನ್ನು ಬಿಲದಿಂದ ಅಗೆದು ತೆಗೆದು, ಮರಿ ಮಾಡಿಸಿ, ಹೊರದೇಶಕ್ಕೆ ಕಳುಹಿಸುವ ಉದ್ಯಮವೂ ನಡೆದುಬಂದಿದೆ.

ಗ್ಯಾರೇಜಿನ ಚಿತ್ರವನ್ನು ಅವನು ಕಳುಹಿಸಿದ್ದ. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಮೇಜಿನ ಡ್ರಾಯರಿನಂತೆ ಎಳೆದು ತೆಗೆಯುವ ಪ್ಲಾಸ್ಟಿಕ್ ಡಬ್ಬಗಳು, ಒಂದೊಂದರಲ್ಲಿ ಒಂದೊಂದು ಹಾವು, ಒಂದು ಬಟ್ಟಲು ನೀರು, ಕೆಳಗೆ ಕಾವಿನ ಪಟ್ಟಿ. ಹೆಪ್ಪುಗಟ್ಟಿಸಿ ಮಾರುವ ಇಲಿಯನ್ನು ತಂದು ಬೆಚ್ಚಗೆ ಮಾಡಿ ವಾರಕ್ಕೋ ಹದಿನೈದು ದಿನಕ್ಕೋ ಒಂದನ್ನು ಕೊಡುತ್ತಾರೆ. (ಈ ವ್ಯವಹಾರದಲ್ಲಿ ಇಲಿಯ ಪರವಾಗಿ ಮಾತಾಡಿದವರನ್ನು ನಾನಿನ್ನೂ ಕಂಡಿಲ್ಲ.) ಹೆಣ್ಣು ಒಂದು ಸಲಕ್ಕೆ ಐದಾರು ಮೊಟ್ಟೆಯಿಡುತ್ತದೆ. ಕಾಡಿನಲ್ಲಾದರೆ ತಾಯಿಯೇ ಮೊಟ್ಟೆಗಳನ್ನು ಸುತ್ತಿಕೊಂಡು ಎರಡು ತಿಂಗಳು ಅಲುಗದೆ ಕೂಡುವುದು. ಇಲ್ಲಿ ಸುತ್ತು ಬಿಡಿಸಿ ಮೊಟ್ಟೆ ತೆಗೆದು 31–32 ಡಿಗ್ರಿ ಸೆಲ್ಸಿಯಸ್ ಕಾವಿನ ಪೆಟ್ಟಿಗೆಯಲ್ಲಿಡುತ್ತಾರೆ.

ಮೊದಲು ನನ್ನ ಮನಸ್ಸಿನ ಅಸಹ್ಯವನ್ನು ಬದಿಗಿಡಬೇಕಾಯಿತು. ಹಾವೆಂದರೆ ಮೈ ಜುಮ್ಮೆನ್ನುವುದು ಚರ್ಮದ ಮಾತು, ನೀತಿಯ ಮಾತಲ್ಲ. ನಮ್ಮಲ್ಲಾದರೆ ಕಾನೂನೇ ಉತ್ತರ ಹೇಳಿಬಿಡುತ್ತದೆ: ಈ ನೆಲದ ಹಾವನ್ನು ಹಿಡಿದು ಮಾರುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತಡೆಯಿದೆ. ಆದರೂ ‘ಎರಡು ತಲೆಯ ಹಾವು’ ಅದೃಷ್ಟ ತರುತ್ತದೆಂಬ ಹುಚ್ಚಿಗೆ ಪಾಪದ ಮಣ್ಣುಮುಕ್ಕ ಹಾವು ಗೋಣಿಚೀಲದಲ್ಲಿ ಊರಿಂದೂರಿಗೆ ಸಾಗುತ್ತದೆ. 2024ರ ಏಪ್ರಿಲಿನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರಿಗೆ ಬಂದಿಳಿದ ಪ್ರಯಾಣಿಕನೊಬ್ಬನ ಪೆಟ್ಟಿಗೆಯಲ್ಲಿ ಹತ್ತು ಅನಕೊಂಡಾ ಸಿಕ್ಕವು. ಇನ್ನು, ಕಾನೂನು ಮಾಡಿದವರು ಹಾವನ್ನು ನೆನೆದು ಮನುಷ್ಯನನ್ನು ಮರೆತದ್ದೂ ಉಂಟು. ಚರ್ಮಕ್ಕಾಗಿ ಹಾವು ಹಿಡಿದು ಬದುಕುತ್ತಿದ್ದ ತಮಿಳುನಾಡಿನ ಇರುಳರು ಆ ವ್ಯಾಪಾರ ನಿಂತಾಗ ಅನ್ನಕ್ಕೆ ಎರವಾದರು. 1978ರಲ್ಲಿ ಸಹಕಾರ ಸಂಘವಾದ ಮೇಲೆ ಅದೇ ಕೈಗಳು ಹಾವು ಹಿಡಿದು, ಔಷಧಕ್ಕಾಗಿ ವಿಷ ತೆಗೆದು, ಮತ್ತೆ ಹಾವನ್ನು ಬಿಟ್ಟುಬರತೊಡಗಿದವು. ಸಂಬಳದ ಕುರ್ಚಿಯಲ್ಲಿ ಕುಳಿತವನು ಇನ್ನೊಬ್ಬನ ಹೊಟ್ಟೆಪಾಡಿಗೆ ‘ಛೆ’ ಎನ್ನುವ ಮುನ್ನ ಎರಡು ಸಲ ಯೋಚಿಸಬೇಕು.

ಶಿಷ್ಯನ ವಾದವೂ ತೀರ ಸಡಿಲವಾದದ್ದಲ್ಲ. “ಇದು ಬಿಲದ ಪ್ರಾಣಿ ಸಾರ್. ದೊಡ್ಡ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಹೆದರಿ ಊಟ ಬಿಡುವುದುಂಟು. ಇಕ್ಕಟ್ಟಾದ ಕತ್ತಲೆ ಡಬ್ಬದಲ್ಲೇ ಅದಕ್ಕೆ ನೆಮ್ಮದಿ” ಎಂದ. ಇರಬಹುದು. ಆದರೆ ಹುತ್ತಕ್ಕೊಂದು ಬಾಯಿ ಇರುತ್ತದೆ. ಇರುಳಾದರೆ ಹಾವು ಅದರಿಂದ ಹೊರಬೀಳುತ್ತದೆ. ಡಬ್ಬಕ್ಕೆ ಇರುಳೆಂಬುದಿಲ್ಲ.

ಇಷ್ಟಾದರೂ ನಾನು ‘ವಾಸುಕಿ’ ಎಂದು ಬರೆದುಬಿಡುತ್ತಿದ್ದೆನೇನೊ. ತಡೆದದ್ದು ಬೇರೊಂದು ಸಂಗತಿ. ಈ ವ್ಯಾಪಾರದಲ್ಲಿ ಮಾಮೂಲು ಕಂದುಬಣ್ಣದ ಮರಿಗೆ ಬೆಲೆಯಿಲ್ಲ, ಬೆಲೆಯೆಲ್ಲ ಬಣ್ಣಕ್ಕೆ. 1992ರಲ್ಲಿ ಅಮೆರಿಕದ ಸಾಕಣೆಗಾರನೊಬ್ಬನಲ್ಲಿ ಬಿಳಿ-ಹಳದಿ ಮೈಯ, ಕೆಂಗಣ್ಣಿನ ಮರಿ ಹುಟ್ಟಿದಂದಿನಿಂದ, ಇದಕ್ಕೆ ಅದನ್ನು ಅದಕ್ಕೆ ಇದನ್ನು ಕೂಡಿಸಿ ಸಾವಿರಕ್ಕೂ ಮಿಕ್ಕಿದ ಬಗೆಗಳನ್ನು ಮಾಡಿದ್ದಾರೆ. 1999ರಲ್ಲಿ ‘ಸ್ಪೈಡರ್’ ಎಂಬ ಬಗೆ ಬಂತು: ಮೈಮೇಲೆ ಜೇಡರಬಲೆಯಂಥ ಸೂಕ್ಷ್ಮ ಗೆರೆಗಳು, ನೋಡಲು ಬಲು ಅಂದ. ಆದರೆ ಆ ಗೆರೆ ಎಳೆದ ವಂಶಬೀಜವೇ ಹಾವಿನ ಸಮತೋಲವನ್ನೂ ಕೆಡಿಸುತ್ತದೆ. ತಲೆ ನಡುಗುತ್ತದೆ, ಕೆಲವಕ್ಕೆ ಕತ್ತು ಸುರುಳಿಯಂತೆ ತಿರುಚಿಕೊಂಡು ಮೇಲು ಕೆಳಗು ತಿಳಿಯದಂತಾಗುತ್ತದೆ, ಇಲಿಯತ್ತ ಚಿಮ್ಮಿದರೆ ಗುರಿ ತಪ್ಪುತ್ತದೆ. ಒಂದನ್ನುಳಿಸಿಕೊಂಡು ಇನ್ನೊಂದನ್ನು ಕಳೆಯಲು ಇದುವರೆಗೆ ಯಾರಿಗೂ ಆಗಿಲ್ಲ. ಅಂದವೂ ರೋಗವೂ ಒಂದೇ ಬೀಜ. ಇದನ್ನು ಮಾಡಿಸಬಾರದೆಂದು ಆ ವ್ಯಾಪಾರದವರಲ್ಲೇ ಹಲವರು ದನಿಯೆತ್ತಿದ್ದಾರೆ. ಮಾಡಿಸುವವರು ಮಾಡಿಸುತ್ತಲೇ ಇದ್ದಾರೆ. ಅವರು ಕೊಡುವ ಸಮಾಧಾನವನ್ನು ಶಿಷ್ಯನೂ ಬರೆದಿದ್ದ: “ತಿನ್ನುತ್ತದೆ, ಮರಿ ಮಾಡುತ್ತದೆ. ನೋವಿದ್ದರೆ ಹೀಗಿರುತ್ತಿತ್ತೆ?”

ಈ ವಾಕ್ಯ ನನ್ನನ್ನು ಕಾಡಿತು, ಏಕೆಂದರೆ ಇದನ್ನು ನಾನು ಹಿಂದೆಯೇ ಕೇಳಿದ್ದೆ. ನಮ್ಮ ಮನೆಯಲ್ಲಿ ಸೋದರತ್ತೆಯೊಬ್ಬರಿದ್ದರು. ಇಪ್ಪತ್ತೆರಡಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ಅಡಿಗೆಮನೆಯ ಹಿಂದಿನ ಕೋಣೆಯಲ್ಲಿ ನಲವತ್ತು ವರ್ಷ ಕಳೆದರು. ಒಂದು ದಿನ ಗೊಣಗಿದವರಲ್ಲ, ಕಣ್ಣೊರೆಸಿಕೊಂಡವರಲ್ಲ. ಯಾರಾದರೂ ಅವರ ಮಾತೆತ್ತಿದರೆ ನಮ್ಮಜ್ಜಿ, “ಅವಳಿಗೇನು ಕಮ್ಮಿ? ಹೊಟ್ಟೆಗಿದೆ, ಬಟ್ಟೆಗಿದೆ” ಎನ್ನುತ್ತಿದ್ದರು. ಅಜ್ಜಿ ಕೆಟ್ಟವರಲ್ಲ, ನಿಜವಾಗಿಯೂ ಹಾಗೆ ನಂಬಿದ್ದರು. ಅತ್ತೆ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಎರಡು ಸೀರೆಗಳ ಅಡಿಯಲ್ಲಿ ಒಂದು ಹಳೆಯ ರೈಲ್ವೆ ವೇಳಾಪಟ್ಟಿ ಸಿಕ್ಕಿತು. ಅದರಲ್ಲಿ ಕಾಶಿಯ ದಾರಿಯ ನಿಲ್ದಾಣಗಳಿಗೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿತ್ತು. ಶಿವಮೊಗ್ಗದಿಂದಾಚೆ ಅವರು ಹೋದದ್ದನ್ನು ನಾವಾರೂ ಕಂಡಿರಲಿಲ್ಲ.

ಮನುಷ್ಯರನ್ನೂ ಹಾವನ್ನೂ ಒಂದೇ ತಕ್ಕಡಿಯಲ್ಲಿಟ್ಟೆನೆಂದು ಓದುಗರು ಬೇಸರಪಡಬಾರದು. ಹಾವಿನ ಟ್ರಂಕಿನಲ್ಲಿ ವೇಳಾಪಟ್ಟಿ ಇರುತ್ತದೆಂದು ನಾನು ಹೇಳುತ್ತಿಲ್ಲ. ನಾನು ಹೇಳುವುದು ನೋಡುವವನ ಮಾತು. ನಾಯಿಗೆ ನೋವಾದರೆ ಕುಂಯ್‌ಗುಡುತ್ತದೆ. ನಮ್ಮ ಹಟ್ಟಿಯ ಹಸು ಮಾರಿದ ದಿನ ಅದು ಗೇಟಿನ ಬಳಿ ತಿರುಗಿ ನೋಡಿತೆಂದು ಅಮ್ಮ ಊಟ ಮಾಡಿರಲಿಲ್ಲ. ಹಾವಿಗೆ ಕೂಗಲು ದನಿಯಿಲ್ಲ, ಅಳಲು ರೆಪ್ಪೆಯಿಲ್ಲ, ಮುಖವೆಂದರೆ ಹುಟ್ಟಿದಂದಿನಿಂದ ಸಾಯುವ ತನಕ ಅದೊಂದೇ ಮುಖ. ಸಾಕುವವನ ಮನಸ್ಸನ್ನು ಚುಚ್ಚುವ ಸಾಧನ ಯಾವುದನ್ನೂ ಪ್ರಕೃತಿ ಅದಕ್ಕೆ ಕೊಟ್ಟಿಲ್ಲ. ಹಾಗಿರುವಾಗ ‘ನೋವಿದ್ದರೆ ತೋರಿಸುತ್ತಿತ್ತು’ ಎಂಬ ವಾದ ಬೇರೆಲ್ಲ ಕಡೆಗಿಂತ ಇಲ್ಲಿಯೇ ಹೆಚ್ಚು ಸುಲಭ, ಇಲ್ಲಿಯೇ ಹೆಚ್ಚು ಟೊಳ್ಳು.

ಮಹಾಭಾರತದ ಸರ್ಪಯಾಗದ ಕಥೆ ಎಲ್ಲರಿಗೂ ಗೊತ್ತು; ಅದರ ಮೂಲ ಎಷ್ಟು ಸಣ್ಣದೆಂಬುದು ನಮಗೆ ಮರೆತಿರುತ್ತದೆ. ಬೇಟೆಯಲ್ಲಿ ಬಳಲಿದ ಪರೀಕ್ಷಿತ ತಾನು ಹೊಡೆದ ಜಿಂಕೆ ಎತ್ತ ಹೋಯಿತೆಂದು ಶಮೀಕನನ್ನು ಕೇಳುತ್ತಾನೆ. ಋಷಿ ಮೌನವ್ರತದಲ್ಲಿದ್ದಾನೆ, ಉತ್ತರಿಸುವುದಿಲ್ಲ. ರಾಜ ಅದನ್ನು ಅಹಂಕಾರವೆಂದು ತಿಳಿದು ಬಿದ್ದಿದ್ದ ಸತ್ತ ಹಾವನ್ನು ಬಿಲ್ಲಿನ ತುದಿಯಿಂದೆತ್ತಿ ಅವನ ಹೆಗಲಿಗೆ ಹಾಕುತ್ತಾನೆ. ಅಲ್ಲಿಂದ ಶಾಪ, ತಕ್ಷಕ, ಕೊನೆಗೆ ನಾಗಕುಲವೇ ಬೆಂಕಿಗೆ ಬೀಳುವುದು. ಒಬ್ಬನ ಮೌನಕ್ಕೆ ಇನ್ನೊಬ್ಬ ತನಗೆ ತೋಚಿದ ಅರ್ಥ ಹಚ್ಚಿದ. ಪರೀಕ್ಷಿತ ಮೌನವನ್ನು ಅವಮಾನವೆಂದು ಓದಿಕೊಂಡ. ನಾವು ಒಪ್ಪಿಗೆಯೆಂದು ಓದಿಕೊಳ್ಳುತ್ತೇವೆ, ಅದರಿಂದ ನಮಗೆ ಲಾಭವಿದ್ದಾಗ ಬಹು ಬೇಗ ಓದಿಕೊಳ್ಳುತ್ತೇವೆ.

ಲಾಭದ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಅಪರೂಪದ ಬಣ್ಣಕ್ಕೆ ಬೆಲೆ. ಆದರೆ ಮರಿ ಮಾಡಿಸುವುದೇ ಕಸುಬಾದರೆ ಅಪರೂಪವೆಂಬುದು ಎಷ್ಟು ದಿನ ಉಳಿದೀತು? ಮೊದಲು ಸಾವಿರಾರು ಡಾಲರಿಗೆ ಹೋದ ಬಗೆಗಳೇ ಈಗ ನೂರಕ್ಕೆ ಇಳಿದಿವೆ. ಕೊಳ್ಳುವವರಲ್ಲಿ ಬಹುಮಂದಿ ತಾವೂ ನಾಳೆ ಮಾರಬೇಕೆಂದೇ ಕೊಳ್ಳುವವರು. ತಮಿಳುನಾಡಿನ ಈರೋಡು ಸೀಮೆಯಲ್ಲಿ ಎಮು ಹಕ್ಕಿಯ ವ್ಯಾಪಾರ ಹೀಗೆಯೇ ಉಬ್ಬಿ 2012ರಲ್ಲಿ ಒಡೆಯಿತು. ಹಣ ಕಳೆದುಕೊಂಡವರ ಗೋಳು ಪತ್ರಿಕೆಗಳಲ್ಲಿ ಬಂತು, ಮೇವಿಲ್ಲದೆ ಬೇಲಿಯೊಳಗೆ ನಿಂತ ಹಕ್ಕಿಗಳ ಚಿತ್ರವೂ ಬಂತು. ಹಾವಿನ ವಿಷಯದಲ್ಲಿ ಇನ್ನೊಂದು ತೊಡಕಿದೆ: ಅದು ಬೇಗ ಸಾಯುವುದಿಲ್ಲ. ಸಾಕಿದರೆ ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಅಮೆರಿಕದ ಸೇಂಟ್ ಲೂಯಿ ಮೃಗಾಲಯಕ್ಕೆ 1961ರಲ್ಲಿ ಬಂದ ಈ ಜಾತಿಯ ಹೆಣ್ಣೊಂದು 2020ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಮೊಟ್ಟೆಯಿಟ್ಟಿತು. ಹತ್ತು ವರ್ಷದ ಹುಡುಗನ ಹಟಕ್ಕೆ ಮಣಿದು ಕೊಂಡ ಮರಿ ಆ ಹುಡುಗನ ತಲೆ ನರೆಯುವ ತನಕ ಇರಬಹುದೆಂಬುದನ್ನು ಮಾರುವವನು ರಸೀದಿಯಲ್ಲಿ ಬರೆದುಕೊಡುತ್ತಾನೆಯೆ?

ಶಿಷ್ಯನಿಗೆ ಇಷ್ಟನ್ನೆಲ್ಲ ಬರೆಯಲಿಲ್ಲ. ಸಾಲದಲ್ಲಿರುವವನಿಗೆ ಶಮೀಕ ಋಷಿಯ ಕಥೆ ಹೇಳಲು ನನಗೆ ನಾಚಿಕೆಯಾಯಿತು. “ನಿನ್ನ ಡಬ್ಬಗಳಲ್ಲಿ ತಲೆ ತಿರುಗುವ ಹಾವು ಇದೆಯೆ?” ಎಂದಷ್ಟೆ ಕೇಳಿದೆ. ಒಂದು ವಾರ ಉತ್ತರವಿರಲಿಲ್ಲ. ಆಮೇಲೆ ಬಂತು.

“ಒಂದು ಗಂಡು ಇದೆ ಸಾರ್. ಗೊತ್ತಿಲ್ಲದೆ ಕೊಂಡೆ. ಮಗಳು ಅದಕ್ಕೆ ಬುಗುರಿ ಎಂದು ಹೆಸರಿಟ್ಟಿದ್ದಾಳೆ. ಇಲಿಯನ್ನು ಚಿಮಟದಲ್ಲಿ ಹಿಡಿದು ಬಾಯಿಯ ಹತ್ತಿರವೇ ಒಯ್ಯಬೇಕು. ಅದನ್ನು ಜೋಡಿಗೆ ಬಿಡುವುದಿಲ್ಲವೆಂದು ತೀರ್ಮಾನಿಸಿದ್ದೇನೆ. ಮಾರಲೂ ಮನಸ್ಸಿಲ್ಲ, ಕೊಂಡವರು ಮರಿ ಮಾಡಿಸುತ್ತಾರೆ. ಇನ್ನೂ ಇಪ್ಪತ್ತು ವರ್ಷ ಅದಕ್ಕೆ ಇಲಿ ಹಾಕಬೇಕು, ನೋಡೋಣ. ಉಳಿದವನ್ನು ಮಾತ್ರ ಬಿಡಲಾರೆ ಸಾರ್, ಬೇರೆ ದಾರಿ ಸದ್ಯಕ್ಕೆ ಕಾಣುತ್ತಿಲ್ಲ. ಡಬ್ಬಗಳನ್ನು ಸ್ವಲ್ಪ ದೊಡ್ಡದು ಮಾಡಿಸುತ್ತಿದ್ದೇನೆ. ಹೆಸರಿನ ವಿಷಯ ಏನು ಮಾಡಿದಿರಿ?”

ಪತ್ರದ ಜೊತೆ ಒಂದು ಚಿತ್ರವಿತ್ತು. ಕಾವಿನ ಪೆಟ್ಟಿಗೆಯಲ್ಲಿ ಒಂದಕ್ಕೊಂದು ಅಂಟಿಕೊಂಡ ಐದು ಬಿಳಿಯ ಮೊಟ್ಟೆಗಳು. ಪಕ್ಕದಲ್ಲಿ ದಿನಾಂಕ ಬರೆದ ಚೀಟಿ. ಲೆಕ್ಕ ಹಾಕಿ ನೋಡಿದೆ. ಮರಿ ಹೊರಬರಲು ಇನ್ನೂ ನಲವತ್ತು ದಿನಗಳಿವೆ. ಅಷ್ಟರೊಳಗೆ ನಾನು ಏನಾದರೊಂದು ಹೆಸರು ಬರೆಯಬೇಕು, ಇಲ್ಲವೆ ಏಕೆ ಬರೆಯಲಿಲ್ಲವೆಂದು ಬರೆಯಬೇಕು.