ನೆಂಚಿಕೊಳ್ಳೋಕೆ ಏನಿದೆ?

ಕಳೆದ ಭಾನುವಾರ ಬ್ರಸೆಲ್ಸ್ ಸ್ಪ್ರೌಟ್ಸ್ ತಂದಿದ್ದೆ. ಗೋಲಿಗಿಂತ ದಪ್ಪ, ನೋಡೋಕೆ ಥೇಟ್ ಎಲೆಕೋಸು. ನಾಗಲಮಡಿಕೆಯಿಂದ ಬಂದಿದ್ದ ಅಮ್ಮ ಒಂದನ್ನ ಅಂಗೈಲಿಟ್ಟುಕೊಂಡು, "ಪಾಪ, ಕೋಸಿನ ಮರಿ. ಬೆಳೆಯೋಕೂ ಬಿಡ್ಲಿಲ್ವೇನೋ?" ಅಂದಳು.

ಮಾಡೋದು ಸುಲಭ. ತೊಳೆದು, ನೀರಿನ ಪಸೆ ಹೋಗುವಂತೆ ಒರೆಸಿ, ಎರಡು ಹೋಳು ಮಾಡಿ, ಎಣ್ಣೆ, ಉಪ್ಪು, ಮೆಣಸಿನ ಪುಡಿ ಸವರಬೇಕು. ಕೊಯ್ದ ಮುಖ ಕೆಳಗಾಗಿ ಟ್ರೇನಲ್ಲಿ ಬಿಡಿಬಿಡಿಯಾಗಿ ಇಡಬೇಕು. ಒತ್ತೊತ್ತಾಗಿಟ್ಟರೆ ತಮ್ಮ ಹಬೆಯಲ್ಲೇ ಬೆಂದು ಮೆತ್ತಗಾಗುತ್ತವೆ. ಓವನ್ನಿನಲ್ಲಿ 220 ಡಿಗ್ರಿ, 25 ನಿಮಿಷ. ಅಂಚು ಕಪ್ಪಾಗಿ ಗರಿಗರಿ.

"ಮುದ್ದೆಗೆ ಈರುಳ್ಳಿ ಕಚ್ಕೊಂಡಂಗೆ ಅಮ್ಮಾ, ಸಿಂಪಲ್ ಸೈಡ್ ಡಿಶ್ಶು. ಕಷ್ಟಾನೇ ಇಲ್ಲ" ಅಂದೆ.

"ನಿಂಗಿಲ್ಲ. ಯಾರೋ ಪಟ್ಟಿರ್ತಾರೆ ಬಿಡು."

ಅವಳು ಸುಮ್ಮನೆ ಅಂದಿದ್ದು. ನನಗೆ ಮಾತ್ರ ಓವನ್ನಿನ ಕೆಂಪು ಬೆಳಕು ಚುಚ್ಚತೊಡಗಿತು.

ನಮ್ಮ ಹೋಬಳಿಯ ತಿರುಮಣಿ, ವಳ್ಳೂರು ಸುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ. 2018ರಲ್ಲಿ ಶುರುವಾಯಿತು, ಸಾಮರ್ಥ್ಯ 2,050 ಮೆಗಾವಾಟ್. ಜಮೀನು ಮಾರಿಸಿಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ತಗೊಂಡರು. ನಮ್ಮ ನಾಲ್ಕು ಎಕರೆಯೂ ಅದರಲ್ಲಿದೆ. ಮಳೆ ನಂಬಿ ಕಡ್ಲೆಕಾಯಿ ಬಿತ್ತಿ ವರ್ಷವರ್ಷವೂ ಸೋತಿದ್ದ ಅಪ್ಪನಿಗೆ ಅದು ದೊಡ್ಡ ಆಸರೆ. ನಾನೇ ಸಹಿ ಹಾಕು ಅಂದವನು. ಈಗಲೂ ತಪ್ಪು ಅನ್ನಲ್ಲ. ಗ್ರಿಡ್ಡಿನಲ್ಲಿ ಯಾವ ಯೂನಿಟ್ಟು ಯಾವ ಹೊಲದ್ದು ಅಂತ ಹೇಳೋಕಾಗಲ್ಲ. ಆದರೂ ನನ್ನ ಓವನ್ನಿಗೆ ನಮ್ಮ ಹೊಲದ ಬಿಸಿಲು ಬಂದೇ ಇಲ್ಲ ಅಂತಲೂ ಹೇಳೋಕಾಗಲ್ಲ.

ಆದರೆ ಗುತ್ತಿಗೆ ಕೊಟ್ಟಾಗ ನಾನು ಲೆಕ್ಕಕ್ಕೇ ತಗೊಳ್ಳದ ಒಂದು ವಿಷಯ ಇತ್ತು: ಹಕ್ಕಲು.

ಕಡ್ಲೆಕಾಯಿ ಕಿತ್ತ ಮೇಲೆ ಮಣ್ಣಲ್ಲಿ ಉಳಿದ ಕಾಯಿ ಹೊಲದವರದ್ದಲ್ಲ. ಜಮೀನಿಲ್ಲದ ಹೆಂಗಸರು, ಮಕ್ಕಳು ಬಂದು ಕೆದಕಿ ಆಯ್ದುಕೊಳ್ಳೋರು. ಯಾರೂ ಅಪ್ಪನನ್ನ ಕೇಳುತ್ತಿರಲಿಲ್ಲ, ಅಪ್ಪನೂ ಕೊಟ್ಟೆ ಅಂದುಕೊಳ್ಳುತ್ತಿರಲಿಲ್ಲ. ನಮ್ಮ ಪಕ್ಕದ ಮನೆ ಅಕ್ಕ ಹೀಗೆ ಆಯ್ದಿದ್ದನ್ನ ಹುರಿದು, ನಮ್ಮ ಹೊಲದ್ದನ್ನೇ ನಮಗೂ ಒಂದು ಹಿಡಿ ಕೊಡೋಳು. "ತಗೋ ತಮ್ಮಾ, ಮುದ್ದೆಗೆ ನೆಂಚ್ಕೋ" ಅನ್ನೋಳು. ಎಷ್ಟು ಠೀವಿ ಇರುತ್ತಿತ್ತು ಅದರಲ್ಲಿ!

ಗುತ್ತಿಗೆ ದುಡ್ಡು ನೇರ ಬ್ಯಾಂಕಿಗೆ ಬರುತ್ತೆ. ಒಂದು ಪೈಸೆಯೂ ದಾರಿಯಲ್ಲಿ ಉದುರಲ್ಲ. ನನ್ನ ಸಂಬಳವೂ ಹಾಗೇ. ಅದನ್ನ ನಾವು ವ್ಯವಸ್ಥೆ ಚೆನ್ನಾಗಿದೆ ಅಂತೀವಿ. ಹಕ್ಕಲು ಉಳಿಯದ ವ್ಯವಸ್ಥೆ ನಿಜಕ್ಕೂ ಚೆನ್ನಾಗಿದೆಯಾ? ಅಕ್ಕನ ಕಡ್ಲೆಕಾಯಿ ಹೋಯಿತು, ಕೂಲಿಯೂ ಹೋಯಿತು. ಜಮೀನೇ ಇಲ್ಲದವಳಿಗೆ ಗುತ್ತಿಗೆ ಎಲ್ಲಿಂದ?

ತಿಂಗಳಿಗಿಷ್ಟು ಕಳಿಸಿಬಿಡೋಣ ಅಂತ ಅಮ್ಮನಿಗೆ ಹೇಳಿದೆ.

"ಕಳ್ಸು, ಬೇಡ ಅನ್ನಲ್ಲ. ಆದ್ರೆ ಮುಂದಿನ ಸಲ ಊರಿಗೆ ಬಂದಾಗ ಅವಳು ನಮ್ಮನೆಗೆ ಬರಲ್ಲ ನೋಡು. ಸಾಲಗಾರ್ತಿ ಥರ ತಲೆ ತಗ್ಗಿಸ್ತಾಳೆ."

ದಾನಕ್ಕೂ ಹಕ್ಕಲಿಗೂ ಇರುವ ಅಂತರ ಅಷ್ಟೇ. ದಾನದಲ್ಲಿ ನನ್ನ ಮುಖ ಕಾಣುತ್ತೆ. ಹಕ್ಕಲಿನಲ್ಲಿ ಹೊಲ ಮಾತ್ರ. ಕೊಟ್ಟವನ ಮುಖ ಕಾಣದ ಹಾಗೆ ಸಂಬಳದಲ್ಲಿ ಹಕ್ಕಲು ಬಿಡೋದು ಹೇಗೆ? ಇನ್ನೂ ಗೊತ್ತಾಗಿಲ್ಲ. ಆದರೆ ಗೊತ್ತಾಗೋವರೆಗೆ ಕಳಿಸದೇ ಇರೋಕೆ ಅದನ್ನ ನೆಪ ಮಾಡಿಕೊಳ್ಳಬಾರದು ಅನ್ನೋದು ಮಾತ್ರ ಗೊತ್ತು.

ಕೋಸಿನ ಮರಿಗಳನ್ನ ಅಮ್ಮ ಮುದ್ದೆ ಜೊತೆ ನೆಂಚಿಕೊಂಡಳು. "ಕಹಿ ಐತೆ. ಆದ್ರೂ ಪರವಾಗಿಲ್ಲ, ಹಾಕು ಇನ್ನೆರಡು" ಅಂದಳು.