ಕೊಟ್ಟ ಮಾತು ರದ್ದಾಯಿತೇ?

ಪೂಜೆಯಲ್ಲಿ ಹಳೆಯ ಒಡಂಬಡಿಕೆಯ ವಾಚನವನ್ನು ಕುಳಿತು ಕೇಳುತ್ತೇವೆ, ಶುಭಸಂದೇಶಕ್ಕೆ ಎದ್ದು ನಿಲ್ಲುತ್ತೇವೆ. ನಿಲ್ಲುವುದು ಸರಿಯೇ. ಆದರೆ ಅದರ ಜೊತೆಗೆ ನಮ್ಮ ಮನಸ್ಸಿನಲ್ಲಿ ಒಂದು ತಪ್ಪು ಲೆಕ್ಕವೂ ಕೂತುಬಿಟ್ಟಿದೆ: ಹಳೆಯದು ದಂಡಿಸುವ ದೇವರದು, ಹೊಸದು ಪ್ರೀತಿಸುವ ದೇವರದು, ಹೊಸದು ಬಂದ ಮೇಲೆ ಹಳೆಯದು ರದ್ದು. ಎರಡನೇ ಶತಮಾನದಲ್ಲಿ ಮಾರ್ಸಿಯೋನ್ ಎಂಬಾತ ಹೆಚ್ಚುಕಡಿಮೆ ಇದನ್ನೇ ಬೋಧಿಸಿದ. ಸುಮಾರು ಕ್ರಿ.ಶ. 144ರಲ್ಲಿ ರೋಮಿನ ಧರ್ಮಸಭೆ ಅವನನ್ನು ಹೊರಗಿಟ್ಟಿತು.

ಬೈಬಲಿನ ಮೊದಲ ಭಾಗವನ್ನು ನಮ್ಮ ಮಲಯಾಳಿ ಸಹೋದರರು 'ಪಳಯ ನಿಯಮಂ' ಎನ್ನುತ್ತಾರೆ, ತಮಿಳರು 'ಪಳೈಯ ಏರ್ಪಾಡು' ಎನ್ನುತ್ತಾರೆ. ನಿಯಮಕ್ಕೆ ತಿದ್ದುಪಡಿ ಆಗಬಹುದು, ಏರ್ಪಾಡು ಬದಲಾಗಬಹುದು. ನಮ್ಮ ಕನ್ನಡದ 'ಒಡಂಬಡಿಕೆ'ಯಲ್ಲಾದರೋ ಮಾತು ಕೊಟ್ಟವರೊಬ್ಬರು, ಅದನ್ನು ನಂಬಿದವರೊಬ್ಬರು ಇದ್ದಾರೆ. ಹಾಗಾಗಿ ಪ್ರಶ್ನೆ ಇನ್ನಷ್ಟು ಬಿಗಿಯಾಗುತ್ತದೆ. ದೇವರು ಕೊಟ್ಟ ಮಾತನ್ನು ಹಿಂದಕ್ಕೆ ಪಡೆಯುತ್ತಾರೆಯೇ? ಇಸ್ರಯೇಲರ ಪಾಪಕ್ಕಾಗಿ ಅವರನ್ನು ಕೈಬಿಟ್ಟಿದ್ದರೆ, ನಮ್ಮ ಪಾಪಕ್ಕಾಗಿ ನಮ್ಮನ್ನು ಕೈಬಿಡದಿರಲು ಕಾರಣವೇನು? ನಾವೇನು ಅವರಿಗಿಂತ ಮೇಲೇ?

ಆದಿಕಾಂಡದ 15ನೇ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಬೇಕು. ಅಬ್ರಾಮ ಕಡಸು, ಆಡು, ಟಗರುಗಳನ್ನು ಸೀಳಿ ಹೋಳುಗಳನ್ನು ಎದುರುಬದುರಾಗಿ ಇಡುತ್ತಾನೆ. ಮಾತು ಕೊಟ್ಟವರು ಆ ಹೋಳುಗಳ ನಡುವೆ ಹಾದುಹೋಗುವುದು ಅಂದಿನ ಪದ್ಧತಿ. ತಪ್ಪಿದರೆ ಈ ಪ್ರಾಣಿಗಳ ಗತಿಯೇ ನನಗಾಗಲಿ ಎಂಬ ಆಣೆ ಅದು. ಆದರೆ ಕತ್ತಲಾದಾಗ ಅಬ್ರಾಮನಿಗೆ ಗಾಢನಿದ್ರೆ. ಹೋಳುಗಳ ನಡುವೆ ಹಾದುಹೋಗುವುದು ಹೊಗೆಯಾಡುವ ಒಲೆ, ಉರಿಯುವ ಪಂಜು ಮಾತ್ರ. ಆಣೆ ಇಟ್ಟವರು ದೇವರೊಬ್ಬರೇ.

ಸೀನಾಯಿ ಬೆಟ್ಟದಲ್ಲಿ ಜನರೂ ಒಪ್ಪಿಗೆ ಕೊಟ್ಟರು. ಮೋಶೆ ಬಲಿಯ ರಕ್ತದಲ್ಲಿ ಅರ್ಧವನ್ನು ಪೀಠದ ಮೇಲೆ, ಅರ್ಧವನ್ನು ಜನರ ಮೇಲೆ ಚಿಮುಕಿಸಿದ. ಸ್ವಲ್ಪ ದಿನಕ್ಕೇ ಚಿನ್ನದ ಕರು ಎದ್ದಿತು, ಕಲ್ಲಿನ ಹಲಗೆಗಳು ಒಡೆದವು. ಇದು ಸಾಲಪತ್ರವಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ದೇವರು ಮತ್ತೆರಡು ಹಲಗೆ ಕೆತ್ತಿಕೊಂಡು ಬಾ ಎಂದರು.

ಹೊಸ ಒಡಂಬಡಿಕೆ ಎಂಬ ಮಾತು ಬರುವುದು ಹಳೆಯದರಲ್ಲೇ, ಪ್ರವಾದಿ ಯೆರೆಮೀಯನ 31ನೇ ಅಧ್ಯಾಯದಲ್ಲಿ. ಅದನ್ನು ಮಾಡಿಕೊಳ್ಳುವುದು ಇಸ್ರಯೇಲ್ ಮತ್ತು ಯೂದ ಮನೆತನಗಳೊಡನೆಯೇ. ಅಲ್ಲಿ ಬದಲಾಗುವುದು ಬರೆಯುವ ಜಾಗ: ಕಲ್ಲಿನ ಬದಲು ಹೃದಯ. ಕಡೆಯ ಭೋಜನದಲ್ಲಿ ಪಾತ್ರೆ ಹಿಡಿದ ಯೇಸು ಸೀನಾಯಿಯ ಮಾತನ್ನೇ ಎತ್ತಿಕೊಂಡರು, ಆದರೆ ರಕ್ತ ಅವರದೇ. ಮಾತು ತಪ್ಪಿದವರಿಗೆ ಬರಬೇಕಾದ ಗತಿಯನ್ನು ಮಾತು ತಪ್ಪದವರು ತಮ್ಮ ಮೇಲೆ ಹೊತ್ತುಕೊಂಡರು. ಹೊಸತನವೆಂದರೆ ಇದು.

ಹಿಬ್ರಿಯರಿಗೆ ಬರೆದ ಪತ್ರ ಮೊದಲನೆಯದು ಹಳತಾಯಿತು ಎನ್ನುತ್ತದಲ್ಲಾ ಎಂದು ಕೇಳಬಹುದು. ನಿಜ, ಅದನ್ನು ಮರೆಮಾಚಬೇಕಿಲ್ಲ. ಆ ಪತ್ರದ ಗಮನವಿರುವುದು ಯಾಜಕತ್ವ, ಗುಡಾರ, ಪ್ರಾಣಿಬಲಿಗಳ ಮೇಲೆ. ಕ್ರಿಸ್ತರ ಒಂದೇ ಬಲಿಯಲ್ಲಿ ಅವು ಪೂರ್ಣಗೊಂಡವು. ಬಲಿಯ ಕ್ರಮ ಹಳತಾಗುವುದು ಬೇರೆ, ದೇವರ ಮಾತು ಹಳತಾಗುವುದು ಬೇರೆ. ಸಂತ ಪೌಲ ರೋಮನರಿಗೆ ಬರೆದ ಪತ್ರದ 11ನೇ ಅಧ್ಯಾಯದಲ್ಲಿ ನಮ್ಮಂಥ ಅನ್ಯಜನರನ್ನು ಕಸಿಮಾಡಿದ ಕಾಡು ಎಣ್ಣೆಮರದ ಕೊಂಬೆ ಎನ್ನುತ್ತಾನೆ. ಕೊಂಬೆ ಬೇರನ್ನು ಹೊರುವುದಿಲ್ಲ. ಮಾವಿಗೆ ಕಸಿ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೂ ಕ್ರೈಸ್ತರು ಶತಮಾನಗಳ ಕಾಲ ಬೇರನ್ನೇ ಹಳಿದರು, ಯೆಹೂದ್ಯರನ್ನು ಶಾಪಗ್ರಸ್ತರೆಂದರು. 1965ರ ಅಕ್ಟೋಬರ್ 28ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಆ ಮಾತನ್ನು ತಳ್ಳಿಹಾಕಿತು. 1980ರಲ್ಲಿ ಜರ್ಮನಿಯ ಮೈಂಜ್ ನಗರದಲ್ಲಿ ಪೋಪ್ ಎರಡನೇ ಜಾನ್ ಪಾಲರು ಹಳೆಯ ಒಡಂಬಡಿಕೆಯನ್ನು ದೇವರು ಎಂದೂ ಹಿಂತೆಗೆದುಕೊಂಡಿಲ್ಲವೆಂದರು, ಅದೂ ಯೆಹೂದ್ಯರ ಮುಂದೆಯೇ. ಹಾಗೆಂದು ರಕ್ಷಣೆಗೆ ಎರಡು ಬೇರೆ ಬೇರೆ ದಾರಿಗಳಿವೆ ಎಂದು ಧರ್ಮಸಭೆ ಹೇಳುವುದಿಲ್ಲ. ಎಲ್ಲರ ರಕ್ಷಕ ಕ್ರಿಸ್ತರೇ. ಇವೆರಡೂ ಹೇಗೆ ಕೂಡುತ್ತವೆ ಎಂಬಲ್ಲಿ ಪೌಲನೂ ವಾದ ನಿಲ್ಲಿಸಿ ದೇವರ ಜ್ಞಾನದ ಆಳವನ್ನು ಕೊಂಡಾಡಿದ.

ಪಾಸ್ಕ ಜಾಗರಣೆಗೆ ಹಳೆಯ ಒಡಂಬಡಿಕೆಯಿಂದ ಏಳು ವಾಚನಗಳಿವೆ. ಹೊತ್ತಾಯಿತೆಂದು ಅವನ್ನು ಮೂರಕ್ಕೆ ಇಳಿಸುವುದುಂಟು. ಅದಕ್ಕೆ ಅವಕಾಶವೂ ಇದೆ, ಸಮುದ್ರ ದಾಟಿದ ವಾಚನವನ್ನು ಮಾತ್ರ ಬಿಡುವಂತಿಲ್ಲ. ಹಾಗೆ ಇಳಿಸಿದಾಗ ಬಿಟ್ಟುಹೋಗಬಹುದಾದದ್ದು ನಾಲ್ಕನೆಯದು, ಯೆಶಾಯನ 54ನೇ ಅಧ್ಯಾಯ. ದೂರವಾದ ಮಡದಿಯನ್ನು ಮರಳಿ ಕರೆಯುವ ಪತಿಯಂತೆ ದೇವರು ಅಲ್ಲಿ ಮಾತಾಡುತ್ತಾರೆ. ತಮ್ಮ ಶಾಂತಿಯ ಒಡಂಬಡಿಕೆ ಬೆಟ್ಟಗಳಿಗಿಂತ ಸ್ಥಿರವೆನ್ನುತ್ತಾರೆ. ಮುಂದಿನ ಪಾಸ್ಕಕ್ಕೆ ಭಾಷೆವಾರು ವಾಚನ ಹಂಚುವಾಗ ಕನ್ನಡದ ಪಾಲಿಗೆ ಅದನ್ನೇ ಕೇಳಿ ಪಡೆಯೋಣ.