ಬೀಳುವ ಹಕ್ಕು ಯಾರಿಗೆ?

ಕಾರವಾರದ ಬಳಿಯ ನಮ್ಮ ಕದ್ವಾಡದಲ್ಲಿ ಹೊಸ ಮರದ ದೋಣಿಯನ್ನು ಕಾಳಿ ನದಿಗೆ ಇಳಿಸಿದ ದಿನವೇ ಅದಕ್ಕೆ ಬಲೆ ಹೇರಿದ್ದನ್ನು ನಾನು ಕಂಡಿಲ್ಲ. ಹಲಗೆಗಳು ನೀರು ಕುಡಿದು ಉಬ್ಬಬೇಕು, ಸಂದುಗಳು ಒಂದನ್ನೊಂದು ಕಚ್ಚಿಕೊಳ್ಳಬೇಕು. ಬಡಗಿ ದೋಣಿಯ ತಳದಲ್ಲಿ ಕುಕ್ಕರಗಾಲಿನಲ್ಲಿ ಕೂತು ಎಲ್ಲಿ ನೀರು ಒಸರುತ್ತಿದೆ ಎಂದು ಬೆರಳಿನಿಂದ ತಡವಿ ನೋಡುತ್ತಾನೆ. ಒಸರಿದರೆ ಅವನನ್ನು ಯಾರೂ ಬಯ್ಯುವುದಿಲ್ಲ. ದೋಣಿಯನ್ನು ಮತ್ತೆ ದಡಕ್ಕೆಳೆದು, ಸಂದಿಗೆ ಹತ್ತಿ ತುಂಬಿ, ಎಣ್ಣೆ ಹಚ್ಚಿ, ಇನ್ನೊಮ್ಮೆ ಇಳಿಸುತ್ತಾರೆ. ಆ ದಿನ ಇರುವುದೇ ಒಸರುವುದಕ್ಕಾಗಿ. ಈಗ ಫೈಬರ್ ದೋಣಿಗಳು ಬಂದು ಈ ನೋಟ ಅಪರೂಪವಾಗಿದೆ, ಆ ಮಾತು ಬೇರೆ.

ಈ ದೋಣಿಯ ನೆನಪು ನನಗೆ ಬಂದದ್ದು 2023ರ ಏಪ್ರಿಲ್ 2ರಂದು. ರಂಜಾನ್ ತಿಂಗಳ ಒಂದು ಭಾನುವಾರ ಅದು. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ಅಂದರೆ ಸಹರಿ ಮುಗಿಸಿ ಫಜರ್ ನಮಾಝ್ ಮಾಡಿ ನಾವೆಲ್ಲ ಇನ್ನೊಂದು ಸುತ್ತು ನಿದ್ದೆಗೆ ಜಾರಿದ್ದ ಹೊತ್ತಿನಲ್ಲಿ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಯಲಿನಿಂದ ವಾಯುಪಡೆಯ ಚಿನೂಕ್ ಹೆಲಿಕಾಪ್ಟರೊಂದು ರೆಕ್ಕೆಯುಳ್ಳ ಬಿಳಿಯ ಯಂತ್ರವೊಂದನ್ನು ಹೊಟ್ಟೆಯ ಕೆಳಗೆ ತೂಗಿಸಿಕೊಂಡು ಮೇಲೇರಿತು. ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಅದನ್ನು ಕೈಬಿಟ್ಟಿತು. ಒಳಗೆ ಮನುಷ್ಯರಿಲ್ಲ, ನೆಲದಿಂದ ನಡೆಸುವವರೂ ಇಲ್ಲ. ಯಂತ್ರ ತಾನೇ ದಾರಿ ಲೆಕ್ಕ ಹಾಕಿಕೊಂಡು 7.40ಕ್ಕೆ ಓಡುದಾರಿಯ ಮೇಲೆ ಇಳಿದು ನಿಂತಿತು. ಉಪಗ್ರಹವನ್ನು ಮೇಲಕ್ಕೊಯ್ದು ಬಿಟ್ಟು ವಿಮಾನದಂತೆ ಮರಳಿ ಬರುವ, ಮತ್ತೆ ಬಳಸಬಹುದಾದ ರಾಕೆಟ್‌ನ ಕನಸಿಗಾಗಿ ಇಸ್ರೋ ನಡೆಸಿದ ಪರೀಕ್ಷೆ ಅದು. ಮುಂದಿನ ವರ್ಷ ಈ ಸಾಲಿನ ಯಂತ್ರಕ್ಕೆ 'ಪುಷ್ಪಕ್' ಎಂಬ ಹೆಸರು ಬಂತು.

ಸಂಜೆ ಇಫ್ತಾರ್ ನಂತರ ಮೊಬೈಲಿನಲ್ಲಿ ಆ ದೃಶ್ಯ ನೋಡಿದಾಗ ಎದೆ ಉಬ್ಬಿದ್ದು ಸುಳ್ಳಲ್ಲ. ಆದರೆ ಆಮೇಲೆ ನನ್ನನ್ನು ಹಿಡಿದು ಕೂರಿಸಿದ್ದು ಆ ಇಳಿಯುವಿಕೆಯಲ್ಲ, ಅದರ ಹಿಂದಿನ ತಯಾರಿ. ಈ ಯಂತ್ರದ ಮೊದಲ ರೂಪವನ್ನು 2016ರ ಮೇ 23ರಂದು ಶ್ರೀಹರಿಕೋಟಾದಿಂದ ರಾಕೆಟ್ ಮೇಲೆ ಕೂರಿಸಿ ಹಾರಿಸಿದ್ದರು. ಆಗ ಇಸ್ರೋದ ಮುಖ್ಯಸ್ಥರಾಗಿದ್ದವರು ನಮ್ಮ ಹಾಸನ ಜಿಲ್ಲೆಯವರಾದ ಎ.ಎಸ್. ಕಿರಣ್ ಕುಮಾರ್. ಅದು 65 ಕಿಲೋಮೀಟರ್ ಎತ್ತರ ಮುಟ್ಟಿ, ಶಬ್ದದ ಐದು ಪಟ್ಟು ವೇಗದಲ್ಲಿ ವಾತಾವರಣಕ್ಕೆ ಮರಳಿ, ಸುಮಾರು 450 ಕಿಲೋಮೀಟರ್ ದೂರದಲ್ಲಿ ಬಂಗಾಳ ಕೊಲ್ಲಿಗೆ ಇಳಿಯಿತು. ಅದನ್ನು ಸಮುದ್ರದಿಂದ ಮರಳಿ ತರುವ ಉದ್ದೇಶವೇ ಇರಲಿಲ್ಲ. ಒಟ್ಟು ಹದಿಮೂರು ನಿಮಿಷಗಳೊಳಗಿನ ಹಾರಾಟ. ಅಷ್ಟರಲ್ಲಿ ಬಿಸಿ ಎಷ್ಟಾಯಿತು, ರೆಕ್ಕೆ ಹೇಗೆ ನಡೆದುಕೊಂಡಿತು ಎಂಬುದನ್ನು ತಿಳಿದರೆ ಸಾಕಾಗಿತ್ತು.

ಚಳ್ಳಕೆರೆಯದು ಇನ್ನೂ ಸೋಜಿಗ. ಮೊದಲ ಸಲ ಓಡುದಾರಿಗೆ ನೇರವಾಗಿ ಬಿಟ್ಟರು. 2024ರ ಮಾರ್ಚ್ 22ರಂದು (ಅದೂ ರಂಜಾನ್ ತಿಂಗಳೇ) ದಾರಿಯಿಂದ 150 ಮೀಟರ್ ಪಕ್ಕಕ್ಕೆ ಬಿಟ್ಟರು. ಅದೇ ವರ್ಷ ಜೂನ್ 23ರಂದು ಅದೇ ಯಂತ್ರವನ್ನು 500 ಮೀಟರ್ ಪಕ್ಕಕ್ಕೆ, ಗಾಳಿ ಜೋರಾಗಿದ್ದಾಗ ಬಿಟ್ಟರು. ಅಂದರೆ ಬೇಕೆಂದೇ ತಪ್ಪು ಜಾಗದಲ್ಲಿ ಬಿಟ್ಟು, ತಪ್ಪಿನಿಂದ ಸರಿದಾರಿಗೆ ಬರಲು ಅದಕ್ಕೆ ಎಷ್ಟು ಬಲವಿದೆ ಎಂದು ನೋಡಿದರು. ಗಂಟೆಗೆ 320 ಕಿಲೋಮೀಟರ್‌ಗೂ ಮೀರಿದ ವೇಗದಲ್ಲಿ ನೆಲ ಮುಟ್ಟಿದ ಯಂತ್ರದ ಹಿಂದೆ ಪ್ಯಾರಾಚೂಟ್ ಬಿಚ್ಚಿ ವೇಗ ನೂರರ ಹತ್ತಿರಕ್ಕೆ ಇಳಿಯಿತು. ಒಂದು ಲೋಹದ ವಸ್ತುವಿನ ಮೇಲೆ ಮನುಷ್ಯರು ತೋರುವ ಈ ತಾಳ್ಮೆಯನ್ನು ನಾನು ಸಣ್ಣದೆಂದು ಹೇಳಲಾರೆ.

ಯಂತ್ರ ಬಿದ್ದಾಗಲೂ ಅದಕ್ಕೆ ಒಂದು ಮರ್ಯಾದೆ ಇದೆ. 1979ರ ಆಗಸ್ಟ್ 10ರಂದು ನಮ್ಮ ದೇಶದ ಮೊದಲ ಉಪಗ್ರಹ ವಾಹನ ಎಸ್‌ಎಲ್‌ವಿ-3 ಹಾರಿತು. ಅದರ ಹೊಣೆ ಹೊತ್ತಿದ್ದವರು ಎ.ಪಿ.ಜೆ. ಅಬ್ದುಲ್ ಕಲಾಂ. ಹಾರುವ ಕೆಲವೇ ಕ್ಷಣಗಳ ಮೊದಲು ಕಂಪ್ಯೂಟರ್ ತಡೆಯೊಡ್ಡಿತ್ತು. ತಜ್ಞರು ಚಿಂತೆಯಿಲ್ಲ ಎಂದರು. ತಾನು ಕಂಪ್ಯೂಟರಿನ ಮಾತು ಮೀರಿ ಹಾರಿಸಿದೆ ಎಂದು ಕಲಾಂ ಅವರೇ ಮುಂದೆ ಹಲವು ಕಡೆ ಹೇಳಿಕೊಂಡಿದ್ದಾರೆ. ಮೊದಲ ಹಂತ ಸರಿಯಾಗಿ ಉರಿಯಿತು, ಎರಡನೆಯದು ಹದ ತಪ್ಪಿತು, ವಾಹನ ಸಮುದ್ರಕ್ಕೆ ಬಿತ್ತು. ವಿಚಾರಣೆ ನಡೆದಾಗ ಸಿಕ್ಕ ಕಾರಣ ಒಂದು ಕವಾಟದಲ್ಲಿ ಸಿಕ್ಕಿಕೊಂಡ ಧೂಳು. ಕವಾಟ ಮುಚ್ಚದೆ ಆಮ್ಲ ಸೋರಿಹೋಗಿತ್ತು. ಹದಿನೇಳು ಟನ್ ತೂಕದ ವಾಹನ, ಅಷ್ಟು ವರ್ಷಗಳ ದುಡಿಮೆ, ಒಂದು ಚಿಟಿಕೆ ಧೂಳು.

ಅಂದು ಪತ್ರಕರ್ತರ ಮುಂದೆ ಹೋಗಿ ಕುಳಿತವರು ಕಲಾಂ ಅಲ್ಲ, ಇಸ್ರೋದ ಅಧ್ಯಕ್ಷ ಸತೀಶ್ ಧವನ್. ಸೋಲು ತನ್ನದೆಂದು ಅವರು ಒಪ್ಪಿಕೊಂಡರು, ತನ್ನ ತಂಡದ ಮೇಲೆ ನಂಬಿಕೆಯಿದೆ ಎಂದರು. 1980ರ ಜುಲೈ 18ರಂದು ಎರಡನೆಯ ಹಾರಾಟ ಗೆದ್ದಾಗ ಪತ್ರಕರ್ತರ ಮುಂದೆ ಹೋಗಲು ಕಲಾಂ ಅವರಿಗೇ ಹೇಳಿದರು. ಈ ಕತೆಯನ್ನು ನಮ್ಮ ಶಾಲೆಗಳ ಭಾಷಣಗಳಲ್ಲಿ ನಾಯಕತ್ವದ ಪಾಠವಾಗಿ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ, ನಾನೇ ಹೇಳಿದ್ದೇನೆ. ಆದರೆ ಅದರ ಹಿಂದಿರುವ ಏರ್ಪಾಡನ್ನು ನಾವು ಗಮನಿಸುವುದಿಲ್ಲ. ಬೀಳಬಹುದು ಎಂದು ಮೊದಲೇ ಒಪ್ಪಿಕೊಂಡಿದ್ದರು. ಬಿದ್ದ ಮೇಲೆ ಯಾಕೆ ಬಿತ್ತೆಂದು ಧೂಳಿನ ಕಣದವರೆಗೆ ಹುಡುಕಿದರು. ಬಿದ್ದದ್ದು ನನ್ನ ಹೊಣೆ ಎಂದು ಹೇಳಲು ಒಬ್ಬ ಮನುಷ್ಯ ಇದ್ದ. ಧೂಳು ಒರೆಸದೆ ಎರಡನೆಯದನ್ನು ಹಾರಿಸಲಿಲ್ಲ.

ಇಷ್ಟನ್ನೂ ನಾವು ಯಂತ್ರಕ್ಕೆ ಕೊಟ್ಟಿದ್ದೇವೆ. ಆ ಯಂತ್ರಕ್ಕಾಗಿ ಜಾಗ ಬಿಟ್ಟವರಿಗೆ ಇದರಲ್ಲಿ ಯಾವುದನ್ನು ಕೊಟ್ಟಿದ್ದೇವೆ?

ಪುಷ್ಪಕ್ ಇಳಿದ ಓಡುದಾರಿ ಡಿಆರ್‌ಡಿಒದ ಪರೀಕ್ಷಾ ನೆಲೆಯದು, 2017ರಲ್ಲಿ ಉದ್ಘಾಟನೆಯಾದದ್ದು. ಅದು ನಿಂತಿರುವುದು ಅಮೃತಮಹಲ್ ಕಾವಲಿನಲ್ಲಿ. ಮೈಸೂರು ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದಿದ್ದ ದನಗಳ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟು, ಹುಕುಂ ಬರೆಸಿ ಕ್ರಮಕ್ಕೆ ತಂದವನು ಟಿಪ್ಪು ಸುಲ್ತಾನ್. ಬೇಸಿಗೆ, ಮಳೆ, ಚಳಿಗಳಿಗೆ ಬೇರೆಬೇರೆ ಕಾವಲುಗಳು. ಅಲ್ಲಿ ಮೇದ ಎತ್ತುಗಳು ಅವನ ಫಿರಂಗಿಗಳನ್ನು ಎಳೆದವು. ರಾಕೆಟ್ ವಿಷಯಕ್ಕೂ ಅವನ ಹೆಸರನ್ನು ಬಿಡುವಂತಿಲ್ಲ. 1780ರಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆಯನ್ನು ಮೈಸೂರಿನ ಕಬ್ಬಿಣದ ಕೊಳವೆಯ ಬಾಣಗಳು ಕಂಗೆಡಿಸಿದವು. 1799ರ ನಂತರ ಅವು ಇಂಗ್ಲೆಂಡಿಗೆ ಹೋಗಿ ಕಾಂಗ್ರೀವ್ ರಾಕೆಟ್‌ಗಳಿಗೆ ಮಾದರಿಯಾದವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಅಂಥ ಸಾವಿರದಷ್ಟು ರಾಕೆಟ್‌ಗಳು ಕೆಸರಿನಡಿ ಸಿಕ್ಕವು. ಹೀಗೆ ಒಬ್ಬನೇ ದೊರೆಯ ಕೈಯಲ್ಲಿ ದನದ ಕಾವಲೂ ರಾಕೆಟ್ಟೂ ಒಟ್ಟಿಗೆ ಇದ್ದವು. ಎರಡೂ ಯುದ್ಧಕ್ಕಾಗಿಯೇ ಇದ್ದವು ಎಂಬುದನ್ನೂ ಮರೆಯಬಾರದು. ಅವನನ್ನು ಪರಿಸರವಾದಿಯನ್ನಾಗಿ ಮಾಡುವ ಆಸೆ ನನಗಿಲ್ಲ. ಆದರೂ ಎರಡು ಶತಮಾನಗಳ ಮೇಲೆ ರಾಕೆಟ್ ಬಂದು ಕಾವಲನ್ನು ನುಂಗಿತಲ್ಲ ಎಂದು ಅನಿಸದೆ ಇರದು.

ಚಳ್ಳಕೆರೆ ತಾಲೂಕಿನ ಈ ಕಾವಲುಗಳಲ್ಲಿ 2008ರ ನಂತರದ ಕೆಲವೇ ವರ್ಷಗಳಲ್ಲಿ ಡಿಆರ್‌ಡಿಒಗೆ ನಾಲ್ಕು ಸಾವಿರಕ್ಕೂ ಹೆಚ್ಚು ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,800 ಎಕರೆಯಷ್ಟು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಇಸ್ರೋಗೆ ಐನೂರಕ್ಕೂ ಹೆಚ್ಚು ಎಕರೆ ಹಂಚಿಕೆಯಾಯಿತು. (ಧವನ್ ಅವರು ಆ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗಿದ್ದವರು.) ಕುದಾಪುರ, ವರವು, ಉಳ್ಳಾರ್ತಿಯ ಸುತ್ತಿನ ಜನ ಕುರಿ ಮೇಯಿಸಿ, ಆ ಉಣ್ಣೆಯಲ್ಲಿ ಕಂಬಳಿ ನೇಯ್ದು ಬದುಕುವವರು. ಚಳ್ಳಕೆರೆಯ ಕಂಬಳಿ ಗೊತ್ತಿಲ್ಲದವರು ಆ ಕಡೆ ಯಾರಿದ್ದಾರೆ? ಅವರಲ್ಲಿ ಅನೇಕರಿಗೆ ವಿಷಯ ತಿಳಿದದ್ದು ಬೇಲಿ, ಗೋಡೆ ಏಳತೊಡಗಿದಾಗ. ಹೋರಾಟ ನಡೆಯಿತು, ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಪೀಠಕ್ಕೆ ಹೋಯಿತು. 2014ರ ಆಗಸ್ಟ್‌ನ ತೀರ್ಪು ಷರತ್ತುಗಳನ್ನು ಹಾಕಿ ಯೋಜನೆಗಳಿಗೆ ದಾರಿ ಬಿಟ್ಟಿತು.

ಇಲ್ಲೊಂದು ಸೂಕ್ಷ್ಮವಿದೆ. 2013ರ ಭೂಸ್ವಾಧೀನ ಕಾಯ್ದೆ, ಜಮೀನು ಕಿತ್ತುಕೊಳ್ಳುವ ಮೊದಲು ಜನರ ಬದುಕಿನ ಮೇಲೆ ಆಗುವ ಪರಿಣಾಮವನ್ನು ಅಳೆಯಬೇಕು ಎನ್ನುತ್ತದೆ. ಹಾರಿಸುವ ಮೊದಲು ಪರೀಕ್ಷಿಸು ಎಂಬ ರಾಕೆಟ್‌ನವರ ನಿಯಮವೇ ಅದು. ಆದರೆ ಕಾವಲು ಯಾರದೂ ಸ್ವಂತ ಜಮೀನಲ್ಲ, ಸರಕಾರದ್ದು. ಕುರಿಗಾಹಿಯ ಹೆಸರು ಪಹಣಿಯಲ್ಲಿ ಇಲ್ಲ. ಹೀಗಾಗಿ ಕಾಗದದ ಮೇಲೆ ಅವನಿಂದ ಏನನ್ನೂ ತೆಗೆದುಕೊಂಡೇ ಇಲ್ಲ! ಏನನ್ನೂ ತೆಗೆದುಕೊಂಡಿಲ್ಲ ಎಂದ ಮೇಲೆ ಪರಿಹಾರ ಯಾತಕ್ಕೆ, ವಿಚಾರಣೆ ಯಾತಕ್ಕೆ?

ಪರೀಕ್ಷೆಗಳು ಕೆಲವೊಮ್ಮೆ ಗೋಡೆಯಾಚೆಗೂ ಬೀಳುತ್ತವೆ. 2019ರ ಸೆಪ್ಟೆಂಬರ್‌ನಲ್ಲಿ ಡಿಆರ್‌ಡಿಒದ ಚಾಲಕರಹಿತ ವಿಮಾನವೊಂದು ಚಳ್ಳಕೆರೆ ತಾಲೂಕಿನ ಜೋಡಿಚಿಕ್ಕೇನಹಳ್ಳಿಯ ಹೊಲದಲ್ಲಿ ಬಿತ್ತು. 2023ರ ಆಗಸ್ಟ್‌ನಲ್ಲಿ ಇನ್ನೊಂದು ಹಿರಿಯೂರು ತಾಲೂಕಿನ ವದ್ದಿಕೆರೆಯಲ್ಲಿ ಬಿತ್ತು. ಜನರಿಗೆ ಏನೂ ಆಗಲಿಲ್ಲ, ಅಲ್ಲಾಹನ ದಯೆ. ಎರಡೂ ಸಲ ಊರವರು ಓಡಿ ಬಂದು ಸುತ್ತ ನಿಂತು ನೋಡಿದರು. ಬಿದ್ದ ಯಂತ್ರದ ಚೂರುಗಳನ್ನು ಆರಿಸಿಕೊಂಡು ಹೋಗಿ ಕಾರಣ ಹುಡುಕುವವರಿದ್ದಾರೆ. ಅದು ಸರಿಯೇ, ಹಾಗೆಯೇ ಆಗಬೇಕು. ಅದೇ ಶ್ರದ್ಧೆಯಲ್ಲಿ, ಗೋಡೆ ಎದ್ದ ಮೇಲೆ ಒಂದು ಹಟ್ಟಿಯಲ್ಲಿ ಎಷ್ಟು ಕುರಿ ಮಾರಿದರು, ಎಷ್ಟು ಮಗ್ಗ ನಿಂತವು ಎಂದು ಎಣಿಸಲು ಎಷ್ಟು ಮಂದಿ ಹೋದಾರು?

ನಾನು ಕಾಳಿ ದಂಡೆಯವನು, ಕುರಿ ಕಾಯುವವನಲ್ಲ. ಆದರೂ ಈ ಸಂಗತಿ ನನಗೆ ದೂರದ್ದಲ್ಲ. ಕಾರವಾರ, ಅಂಕೋಲಾ ತಾಲೂಕಿನವರಿಗೆ ದೇಶಕ್ಕಾಗಿ ಜಾಗ ಬಿಡುವುದೆಂದರೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. 1986ರ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಅರ್ಗಾದಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಅರ್ಗಾದಿಂದ ಹಾರವಾಡದವರೆಗಿನ ಕಡಲಂಚಿನ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದು ತೋಡೂರು, ಮುದಗಾ ಮೊದಲಾದ ಕಾಲೊನಿಗಳಿಗೆ ಹೋದವು. ಪರಿಹಾರದ ಮೊತ್ತಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದವರ ಕಾಯುವಿಕೆ ದಶಕಗಳಷ್ಟು ಉದ್ದವಾಯಿತು. 2005ರಲ್ಲಿ ನೆಲೆ ಸೇವೆಗೆ ಸೇರಿದಾಗ, ಮೊದಲು ಎದ್ದು ಹೋದವರ ಮಕ್ಕಳಿಗೆ ಮಕ್ಕಳಾಗಿದ್ದವು.

ನದಿಯ ಮೇಲ್ಭಾಗಕ್ಕೆ ಬಂದರೆ ಕೈಗಾ. 1994ರ ಮೇ 13ರಂದು ಕೈಗಾದ ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟ್ ಕಳಚಿ ಬಿತ್ತು. ಇನ್ನೂ ಇಂಧನ ತುಂಬಿರಲಿಲ್ಲ. ಕೆಲಸ ನಿಂತಿತು, ತನಿಖೆಯಾಯಿತು, ವಿನ್ಯಾಸ ತಿದ್ದಿ ಗುಮ್ಮಟವನ್ನು ಮತ್ತೆ ಕಟ್ಟಿದರು. 2000ನೇ ಇಸವಿಯಲ್ಲಷ್ಟೇ ವಿದ್ಯುತ್ ಬಂತು. ಆರು ವರ್ಷ ತಡವಾದರೂ ಚಿಂತೆಯಿಲ್ಲ, ಗುಮ್ಮಟ ಸರಿಯಿರಬೇಕು ಎಂದರು. ಒಳ್ಳೆಯ ಮಾತು. ಒಂದು ಗುಮ್ಮಟಕ್ಕಾಗಿ ಆರು ವರ್ಷ ನಿಲ್ಲಬಲ್ಲ ದೇಶ, ಒಂದು ಕಾಲೊನಿಯ ಬಾವಿ ಉಪ್ಪಾಯಿತೆಂದು ಆರು ದಿನ ನಿಂತದ್ದುಂಟೇ?

ಇದನ್ನು ಓದುವವರಲ್ಲಿ ಕೆಲವರಿಗೆ ಸಿಟ್ಟು ಬರಬಹುದು. ದೇಶಕ್ಕೆ ರಾಕೆಟ್ ಬೇಡವೇ, ಬಂದರು ಬೇಡವೇ ಎಂದು ಕೇಳಬಹುದು. ಬೇಕು. ಚಂಡಮಾರುತದ ಮುನ್ಸೂಚನೆ ಉಪಗ್ರಹದಿಂದ ಬರುತ್ತದೆ. ಅದನ್ನು ನಂಬಿ ಕಡಲಿಗೆ ಇಳಿಯದೆ ಉಳಿದವರು ನಮ್ಮ ದಾಲ್ದಿ, ಖಾರ್ವಿ, ಹರಿಕಂತ್ರ ಮನೆಗಳಲ್ಲೇ ಇದ್ದಾರೆ. ಪರೀಕ್ಷೆಗೆ ಜನವಸತಿಯಿಲ್ಲದ ವಿಶಾಲ ಬಯಲು ಬೇಕೆಂಬುದೂ ನಿಜ. ಹುಲ್ಲುಗಾವಲಿನಲ್ಲಿ ಬಿದ್ದದ್ದು ಊರಿನ ಮೇಲೆ ಬೀಳುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಅದನ್ನು ನನಗೆ ಹೇಳಿದವರು ಎಂಜಿನಿಯರಿಂಗ್ ಓದಿದ ನನ್ನ ತಂಗಿಯ ಮಗಳು. "ಮಾಮಾ, ಯಂತ್ರವನ್ನು 150 ಮೀಟರ್ ಪಕ್ಕಕ್ಕೆ ಬಿಟ್ಟು ನೋಡಬಹುದು. ಒಂದು ಹಳ್ಳಿಯನ್ನು ಹಾಗೆ ಎತ್ತಿಟ್ಟು ನೋಡುವುದಕ್ಕೆ ಆಗುತ್ತದಾ? ಮನುಷ್ಯರ ಮೇಲೆ ಪರೀಕ್ಷೆ ಮಾಡುವುದೇ ಪಾಪ ಅಲ್ಲವಾ?" ಎಂದಳು. ಮಾತು ಸರಿ. ಆದರೆ ಪರೀಕ್ಷೆಯಿಲ್ಲದೆ ಎತ್ತಿಟ್ಟರೆ ಅದು ಪರೀಕ್ಷೆಯಲ್ಲ ಎಂದಾಗುತ್ತದೆಯೇ? ಮೊದಲ ಸಲವೇ, ತಾಲೀಮಿಲ್ಲದೆ, ಜನರನ್ನು ಕೂರಿಸಿಕೊಂಡೇ ಹಾರಿಸಿದಂತೆ ಅದು. ಹಾಗೆ ಹಾರಿಸಿದವರು ಬಿದ್ದಾಗಲಾದರೂ ಹತ್ತಿರ ಹೋಗಿ ನೋಡಬೇಕಲ್ಲ. ಇದಕ್ಕೆ ಅವಳು ಏನೂ ಹೇಳಲಿಲ್ಲ; ಒಪ್ಪಿದಳೆಂದು ಅರ್ಥವಲ್ಲ, ನಮ್ಮ ಮನೆಯಲ್ಲಿ ಹಿರಿಯರ ಮಾತಿಗೆ ಅಲ್ಲಿಗೇ ಬಿಡುವುದು ರೂಢಿ.

ನೈತಿಕ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಯೋಜನೆ ಬೇಕೇ ಬೇಡವೇ ಎಂದು ಕೇಳುತ್ತೇವೆ. ಆಮೇಲೆ ದೇಶಪ್ರೇಮಿ, ದೇಶದ್ರೋಹಿ ಎಂದು ಎರಡು ಗುಂಪಾಗಿ ಕಚ್ಚಾಡುತ್ತೇವೆ. ನನ್ನ ಹೆಸರಿನವನು ಕೇಳಿದರಂತೂ ಆ ಪ್ರಶ್ನೆಗೆ ಇನ್ನೊಂದು ಬಣ್ಣ ಬರುತ್ತದೆ. ಆದ್ದರಿಂದ ನಾನು ಕೇಳುವುದು ಅದಕ್ಕಿಂತ ಚಿಕ್ಕದು. ರಾಕೆಟ್ ಕಟ್ಟುವವರು ತಮ್ಮ ಕೆಲಸದಲ್ಲಿ ಪಾಲಿಸುವ ನೀತಿಯನ್ನೇ ರಾಕೆಟ್‌ಗಾಗಿ ಜಾಗ ಪಡೆಯುವಾಗ ಪಾಲಿಸಲಿ. ಹೊಸ ನೀತಿಯೇನೂ ಬೇಡ. ಹತ್ತು ವರ್ಷವಾದ ಮೇಲೆ ಒಂದು ಸಮಿತಿ ಉಳ್ಳಾರ್ತಿಗೆ ಹೋಗಿ ಧೂಳು ಎಲ್ಲಿದೆ ಎಂದು ಹುಡುಕಲಿ. ಸಿಕ್ಕಿದ್ದನ್ನು ಬರೆದಿಡಲಿ. ಧವನ್ ಕೂತಂತೆ ಯಾರಾದರೂ ಒಬ್ಬರು ಬಂದು ಜನರ ಮುಂದೆ ಕೂರಲಿ.

ಕಳೆದ ಬೇಸಿಗೆಯಲ್ಲಿ, ಬಹಳ ಹಿಂದೆ ಒಂದು ಯೋಜನೆಗಾಗಿ ಊರು ಬಿಟ್ಟ ಹಿರಿಯ ಮೀನುಗಾರರೊಬ್ಬರು ನೆಂಟರ ಮನೆಗೆಂದು ಕದ್ವಾಡಕ್ಕೆ ಬಂದಿದ್ದರು. ಮೊಮ್ಮಗನ ಮೊಬೈಲಿನಲ್ಲಿ ನಾನು ಅವರಿಗೆ ಪುಷ್ಪಕ್ ಇಳಿಯುವುದನ್ನು ತೋರಿಸಿದೆ. ಎರಡು ಸಲ ನೋಡಿದರು. ನಾವಾಡಿದ್ದು ಕೊಂಕಣಿಯಲ್ಲಿ, ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮಾಸ್ತರ್ರೆ, ಹಿಂದೆ ಬಿಚ್ಚಿಕೊಂಡಿತಲ್ಲ ಆ ಬಟ್ಟೆ, ಅದು ಯಾಕೆ?" ಎಂದು ಕೇಳಿದರು.

"ಓಟ ಕಡಿಮೆಯಾಗಲಿ ಅಂತ, ಅಜ್ಜ. ಇಲ್ಲದಿದ್ದರೆ ದಾರಿ ಮೀರಿ ಹೋಗುತ್ತದೆ."

"ಎಲ್ಲ ಯೋಚನೆ ಮಾಡಿದ್ದಾರೆ" ಎಂದು ತಲೆದೂಗಿದರು. ಅದರಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾದ ಮೆಚ್ಚುಗೆಯೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ, "ದೋಣಿ ಒಸರಿದರೆ ನಾನು ಬಡಗಿಯನ್ನು ಕರೆಯುತ್ತೇನೆ. ನಮ್ಮ ಕಾಲೊನಿ ವಿಷಯಕ್ಕೆ ಯಾರನ್ನು ಕರೆಯಬೇಕು ಅಂತ ನೀವಾದರೂ ಬರೆದು ಕೊಡಿ" ಎಂದರು.

ಮೊಮ್ಮಗ ಚೀಟಿ, ಪೆನ್ನು ತಂದುಕೊಟ್ಟ. ಒಂದು ಕಚೇರಿಯ ವಿಳಾಸ ಬರೆದೆ. ಅಜ್ಜ ಅದನ್ನು ದೂರಕ್ಕೆ ಹಿಡಿದು ನೋಡಿ, "ಇದು ಕಟ್ಟಡದ ಹೆಸರು. ಮನುಷ್ಯನ ಹೆಸರು?" ಎಂದರು.